ಮುಚ್ಚಳದ ಒಳಮೈ

ಮನಾಮಾದಲ್ಲಿ ಜುಲೈ. ಕಿಟಕಿಗಾಜು ಹೊರಗಡೆಯಿಂದ ಬೆವರುತ್ತದೆ,
ಒಳಗೆ ನನಗೆ ಶಾಲು.
ಮೇಜಿನ ಮೇಲೆ ಹಸಿರು ಬಟ್ಟೆ, ಬಟ್ಟೆಯ ಮೇಲೆ
ನಲವತ್ತೊಂದನೇ ನಂಬರಿನ ಜೇಬುಗಡಿಯಾರ:
ಮುಹರ್ರಕ್ಕಿನ ಮುತ್ತಿನ ವ್ಯಾಪಾರಿಯೊಬ್ಬರ ಮನೆಯದು,
ಗುರುವಾರ ಹರಾಜು.
ಊರ್ಸ್ ಕೇಳುವುದು ಒಂದೇ ಮಾತು: ಅಸಲಿಯೋ, ಅಲ್ಲವೋ?
ಅವನ ಫಾರಮ್ಮಿನಲ್ಲಿ ಇರುವುದೂ ಎರಡೇ ಚೌಕ.

ಮೊದಲು ಕೇಳಿಸಿಕೊಳ್ಳಬೇಕು.
ತುಮಕೂರಿನ ಕಾರ್ಖಾನೆಯಲ್ಲಿ ಪುಟ್ಟಗೌರಮ್ಮ ಹೇಳೋಳು:
ಕಣ್ಣು ಆಮೇಲೆ ಕಣೇ, ಕಿವಿ ಮೊದಲು;
ಕುಂಟೋ ಎತ್ತು ಕತ್ತಲಲ್ಲೂ ಗೊತ್ತಾಗುತ್ತೆ.
ಸಾಲಾಗಿ ಕೂತ ಹುಡುಗಿಯರು ನಾವು, ಬಳೆ ಬಿಚ್ಚಿಟ್ಟು,
ಉಸಿರು ಬಿಗಿಹಿಡಿದು
ಕೂದಲೆಳೆಯಂಥ ಸ್ಪ್ರಿಂಗು ಕೂರಿಸುತ್ತಿದ್ದೆವು.
ಸೀನಿದವಳು ಆ ದಿನವೆಲ್ಲ ನೆಲ ತಡಕುತ್ತಿದ್ದಳು.

ಇದು ಕುಂಟುವುದಿಲ್ಲ.
ಮುಚ್ಚಳ ತೆಗೆದೆ.

ಮಿಷನ್ನಿನ ತಟ್ಟೆಯ ತುಂಬ ಪುಟ್ಟ ಪುಟ್ಟ ವೃತ್ತ,
ಒಂದರ ಅಂಚಿಗೆ ಒಂದು ಒರಗಿಕೊಂಡು.
ಊರ್ಸನ ಕಡೆಯವರು ಈ ಕುಸುರಿಗೆ
ಮುತ್ತಿನ ಹೆಸರನ್ನೇ ಇಟ್ಟಿದ್ದಾರೆ.
ತಿರುಪುಗಳ ನೀಲಿ ಬಣ್ಣದ್ದಲ್ಲ, ಬೆಂಕಿಯದು:
ಓರೆ ಹಿಡಿದರೆ ಕಪ್ಪು, ಹೊರಳಿಸಿದರೆ ನವಿಲು.
ಬಳಿದ ನೀಲಿ ಯಾವ ಕಡೆಯಿಂದಲೂ ಒಂದೇ ಥರ ನಗುತ್ತದೆ,
ಮದುವೆ ದಲ್ಲಾಳಿಯ ಹಾಗೆ.
ನಂಬರಿಗೆ ನಂಬರು ಕೂಡಿತು.
ಕೆಂಪು ಕಲ್ಲು ಹದಿನೇಳು. ಮತ್ತೊಮ್ಮೆ ಎಣಿಸಿದೆ, ಹದಿನೇಳು.

ಒಂದು ಸೇತುವೆ ಮಾತ್ರ ಸುಳ್ಳು.
ಚಕ್ರದ ಮೇಲೆ ಬಾಗಿ ನಿಂತ ಆ ಹಿತ್ತಾಳೆಯ ತುಣುಕಿಗೂ
ವೃತ್ತಗಳಿವೆ, ಯಂತ್ರ ಕೊರೆದದ್ದಲ್ಲ;
ಏಳನೆಯದು ಜಾರಿದೆ,
ಹನ್ನೊಂದನೆಯದರ ಹೊತ್ತಿಗೆ ಕೈ ದಣಿದಿದೆ.
ಅಂಚಿನಲ್ಲಿ ಅರದ ಗೆರೆ, ಲೂಪಿನಲ್ಲಿ ಉತ್ತ ಹೊಲದಷ್ಟು ದೊಡ್ಡದಾಗಿ.

"ಮುಚ್ಚಳದ ಒಳಗೂ ನೋಡು," ಎಂದ ಊರ್ಸ್,
"ಹುಳು ಹರಿದ ಹಾಗೆ. ಅರಬ್ಬಿ ಅಂಕಿಯಲ್ಲ, ಕೇಳಿ ತಿಳಿದಿದ್ದೇನೆ.
ನಕಲಿ ಮಾಡುವವರ ಗುರುತಿರಬೇಕು."

ಲೂಪು ಸರಿಸಿದೆ.
೧೪-೩-೫೮.
ಅದರ ಕೆಳಗೆ, ಸೂಜಿಮೊನೆಯಲ್ಲಿ, ಒಂದೇ ಅಕ್ಷರ: ಳ.

ಳಕಾರದಿಂದ ಶುರುವಾಗುವ ಹೆಸರು ಯಾರಿಗಿದೆ?
ಕಾಗುಣಿತದ ಕಡೆಯ ಬೆಂಚಿನಲ್ಲಿ ಕೂತ ಅಕ್ಷರ,
ಮಾತಿನ ಮೊದಲಿಗೆ ಅದನ್ನು ಯಾರೂ ಕರೆಯುವುದಿಲ್ಲ.
ಸಹಿ ಹಾಕಿಯೂ ಅಡಗಿಕೊಂಡಿದ್ದಾನೆ ಪುಣ್ಯಾತ್ಮ.

ಮಲ್ಪೆಯಿಂದಲೋ ಭಟ್ಕಳದಿಂದಲೋ ಮಂಜಿ ಹತ್ತಿ ಬಂದಿರಬೇಕು.
ಸೂಕಿನ ಸಂದಿಯಲ್ಲಿ, ಬೀಸಣಿಗೆಯನ್ನೂ ಮುಟ್ಟದೆ
(ಗಾಳಿಗೆ ತಿರುಪು ಹಾರಿಹೋದರೆ?)
ಬೆವರಿನ ಹನಿ ಮಿಷನ್ನಿಗೆ ಬೀಳದಂತೆ ಹಣೆಗೆ ಬಟ್ಟೆ ಕಟ್ಟಿ,
ಬಿಡಿಭಾಗ ಬರುವ ಹಡಗನ್ನು ಕಾಯಲಾರದೆ,
ಯಾವುದೋ ಚಿಲಕದ, ಯಾವುದೋ ದೀಪದ ಬುಡದ ಚೂರನ್ನು
ತಿಕ್ಕಿ ತಿಕ್ಕಿ ಸೇತುವೆ ಮಾಡಿದ.
ಯಾರೂ ನೋಡದ ಕಡೆ ವೃತ್ತಗಳನ್ನೂ ಕೊರೆದ.
ಅದು ಬೇಕಿರಲಿಲ್ಲ. ಗಡಿಯಾರ ಅದಿಲ್ಲದೆಯೂ ಓಡುತ್ತಿತ್ತು.

ಮೋಸ ಮಾಡುವವನು ತಾರೀಖು ಬರೆಯುವುದಿಲ್ಲ.

ಆದರೂ ಸುಳ್ಳು ಸುಳ್ಳೇ. ಅವನ ಕೈಯನ್ನು ಕಾರ್ಖಾನೆಯ ಕೈ ಎಂದು
ಹೇಗೆ ಬರೆಯಲಿ? ಹಾಗೆ ಬರೆದರೆ ಅವನನ್ನೇ ಅಳಿಸಿದಂತೆ.
ಬರೆದರೆ ಬೆಲೆ ಅರ್ಧ.
ವ್ಯಾಪಾರಿಯ ಮೊಮ್ಮಗಳು ಮುನೀರಾ ನಿನ್ನೆ ಖರ್ಜೂರ ತಂದಿದ್ದಳು,
ಏನೂ ಕೇಳಲಿಲ್ಲ, ತಟ್ಟೆ ಇಟ್ಟು ಹೋದಳು.

ಎರಡು ಚೌಕದ ನಡುವಿನ ಖಾಲಿ ಜಾಗದಲ್ಲಿ ಬರೆದೆ:
ಒಂದು ಸೇತುವೆ ಕೈಯಲ್ಲಿ ಮಾಡಿದ್ದು, ಸಾವಿರದ ಒಂಬೈನೂರ ಐವತ್ತೆಂಟು.
ದಿನಕ್ಕೆ ನಾಲ್ಕು ಸೆಕೆಂಡು ಹಿಂದೆ.

"ಇಸವಿ ಹೇಗೆ ಗೊತ್ತಾಯಿತು?"
"ಓದಿದೆ."
ಅಕ್ಷರದ ವಿಷಯ ಹೇಳಲಿಲ್ಲ, ಅವನು ಕೇಳಲೂ ಇಲ್ಲ.

ಬಾಗಿಲು ದಾಟಿದೊಡನೆ ಕನ್ನಡಕಕ್ಕೆ ಹಬೆ ಕವಿಯಿತು.
ಬಂದು ನಿಂತ ಬಸ್ಸಿನ ನಂಬರು ಕಾಣದೆ
ಪಕ್ಕದಲ್ಲಿದ್ದ ಹುಡುಗನನ್ನು ಕೇಳಿದೆ.